ಸೀಲಕ್ಕನ ಹೆಬ್ಬೆರಳು

ಪಾತ್ರೆ ತೊಳೆಯುವ ಸಾಬೂನು ದ್ರವ ತಯಾರಿಸುವ ಆ ಕಾರ್ಖಾನೆಗೆ ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದ ದಿನ ಎಲ್ಲರ ಬೆರಳೂ ಗುರುತಾಯಿತು, ಒಬ್ಬಳದ್ದು ಮಾತ್ರ ಆಗಲಿಲ್ಲ. ಅವಳು ಬಲಗೈ ಹೆಬ್ಬೆರಳು ಒತ್ತಿದಳು, ಎಡಗೈಯದು ಒತ್ತಿದಳು, ಬಟ್ಟೆಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಯಂತ್ರ ಪ್ರತಿ ಸಲವೂ ಕೀಂ ಎಂದು ಕೆಂಪು ದೀಪ ತೋರಿಸಿತು. ಹತ್ತೊಂಬತ್ತು ವರ್ಷ ಬಿಸಿ ಪಟ್ಟಿಯ ಪಕ್ಕದಲ್ಲೇ ಆಡಿದ ಬೆರಳುಗಳ ತುದಿ ನುಣ್ಣಗಾಗಿ, ಗೆರೆ ಅನ್ನುವುದೇ ಉಳಿದಿರಲಿಲ್ಲ.

“ಸೀಲಕ್ಕ, ನೀನು ಕಳ್ಳತನ ಮಾಡಿದ್ರೂ ಯಾರೂ ಹಿಡಿಯಕ್ಕಾಗಲ್ಲ ಬಿಡು” ಎಂದು ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೊಬ್ಬಳಿಗೆ ಪುಸ್ತಕದಲ್ಲಿ ಸಹಿ ಮಾಡುವ ಅನುಮತಿ ಸಿಕ್ಕಿತು. ಅದನ್ನವಳು ಪದವಿ ಸಿಕ್ಕವಳ ಹಾಗೆ ತಲೆಯ ಮೇಲೆ ಹೊತ್ತು ಓಡಾಡಿದಳು.

ಸೀಲಕ್ಕ ಎಂಬ ಹೆಸರು ಬಂದದ್ದು ಕೆಲಸದಿಂದ. ಆಗೆಲ್ಲ ದ್ರವವನ್ನು ಪ್ಲಾಸ್ಟಿಕ್ ಪೌಚಿಗೆ ತುಂಬಿ ಬಾಯಿ ಮುಚ್ಚುವುದು, ಅಂದರೆ ಸೀಲು ಹಾಕುವುದು, ಕೈಯಲ್ಲೇ ನಡೆಯುತ್ತಿತ್ತು. ಪೌಚಿನ ಬಾಯನ್ನು ಬಿಸಿ ಪಟ್ಟಿಗೆ ಹಿಡಿದು ಕಾಲಿನಿಂದ ಒತ್ತುಗೋಲು ತುಳಿದರೆ ಎರಡು ಹಾಳೆಯೂ ಕರಗಿ ಒಂದಾಗಬೇಕು. ಕೇಳಲು ಸುಲಭ. ಆದರೆ ಸಾಬೂನು ನೀರಿನಂತಲ್ಲ, ಮಹಾ ಅಂಟುಬುರುಕ. ಬಾಯಿಯ ಒಳಗೋಡೆಗೆ ಮೆತ್ತಿಕೊಂಡು, ನೊರೆಯಾಗಿ ಕೂತುಬಿಡುತ್ತದೆ. ಎರಡು ಹಾಳೆಗಳ ನಡುವೆ ಕೂದಲೆಳೆಯಷ್ಟು ಉಳಿದರೂ ಬೆಸುಗೆ ಹಿಡಿಯುವುದಿಲ್ಲ. ನೋಡಲು ಮುಚ್ಚಿದ ಹಾಗೇ ಇರುತ್ತದೆ. ಎರಡು ದಿನ ಕಳೆದ ಮೇಲೆ ಅಂಗಡಿಯ ಕಪಾಟಿನಲ್ಲಿ ಸೋರಿ ಮಾನ ಕಳೆಯುತ್ತದೆ. ಉಳಿದವರ ಕೈಯಲ್ಲಿ ನೂರಕ್ಕೆ ಮೂರಾದರೂ ಸೋರುತ್ತಿದ್ದವು. ಸೀಲಕ್ಕನ ಕೈಯದು ತಿಂಗಳುಗಟ್ಟಲೆ ಒಂದೂ ಸೋರುತ್ತಿರಲಿಲ್ಲ. ಅವಳು ತೋರುಬೆರಳು, ನಡುಬೆರಳುಗಳ ನಡುವೆ ಪೌಚಿನ ಬಾಯಿ ಸಿಕ್ಕಿಸಿ, ಸ್ವಲ್ಪ ಓರೆಯಾಗಿ ಸವರಿ, ಒಳಗಿನ ದ್ರವವನ್ನೆಲ್ಲ ಕೆಳಕ್ಕೆ ತಳ್ಳಿ, ಒಂದು ಉಸಿರು ಬಿಡುವಷ್ಟು ಹೊತ್ತು ಪಟ್ಟಿಗೆ ಹಿಡಿದು ತೆಗೆಯುತ್ತಿದ್ದಳು. ಯಜಮಾನರು ಹೊರಗಿನವರು ಬಂದಾಗಲೆಲ್ಲ ಅವಳ ಮೇಜಿನ ಹತ್ತಿರ ಕರೆದುಕೊಂಡು ಬಂದು, “ಇದು ನಮ್ಮ ಸೀಲಕ್ಕನ ಕೈ” ಎಂದು ತೋರಿಸುತ್ತಿದ್ದರು. ಅವಳು ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಕಿವಿ ಮಾತ್ರ ಅತ್ತಲೇ ಇರುತ್ತಿತ್ತು.

ಮನೆ ಕಾರ್ಖಾನೆಯ ಹಿಂದಿನ ಎರಡನೇ ಬೀದಿಯಲ್ಲಿ. ಮೂರು ಕೋಣೆ, ಒಂದು ಅಡುಗೆಮನೆ. ಗಂಡ ಬಸ್ಸಿನ ಚಾಲಕ, ಮೈದುನ ವೈರಿಂಗ್ ಕೆಲಸದವನು, ಮತ್ತು ಅತ್ತೆ. ಆ ಮನೆಯಲ್ಲಿ ಹದಿನೈದು ವರ್ಷ ಅವಳದೇ ಕಾರುಬಾರು. ಮೈದುನನ ಮದುವೆಯಾಗಿ ಓರಗಿತ್ತಿ ಕಾಲಿಟ್ಟಳು ನೋಡಿ, ಸೀಲಕ್ಕನ ನೆಮ್ಮದಿ ಅಂದೇ ಎದ್ದು ಹೊರಟಿತು.

ಓರಗಿತ್ತಿ ಯಂತ್ರಶಾಸ್ತ್ರದಲ್ಲಿ ಡಿಪ್ಲೊಮಾ ಓದಿದವಳು. ಬಂದ ವಾರದಲ್ಲೇ ಅಡುಗೆಮನೆಯ ನಲ್ಲಿ ಬಿಚ್ಚಿ, ಒಳಗಿನ ಸವೆದ ಬಿಲ್ಲೆ ತೆಗೆದು ಹೊಸದು ಹಾಕಿದಳು. ಎರಡು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ಸೀಲಕ್ಕ ಬಟ್ಟೆ ಕಟ್ಟಿ ಕಾಲ ತಳ್ಳಿದ್ದಳು. ಅತ್ತೆ ಈ ಸುದ್ದಿಯನ್ನು ಅಕ್ಕಪಕ್ಕದ ಏಳು ಮನೆಗೂ ಮುಟ್ಟಿಸಿ ಬಂದರು. ಸೀಲಕ್ಕ ಆವತ್ತಿನಿಂದ ಅವಳನ್ನು ಡಿಪ್ಲೊಮಾ ಎಂದೇ ಕರೆಯತೊಡಗಿದಳು. “ಡಿಪ್ಲೊಮಾ, ಒಲೆ ಸಣ್ಣ ಮಾಡು.” “ಡಿಪ್ಲೊಮಾಗೆ ಇನ್ನೊಂಚೂರು ಸಾರು ಹಾಕಿ.” ಚುಚ್ಚುಮಾತಾಗಿ ಹುಟ್ಟಿದ್ದು, ನೋಡನೋಡುತ್ತಾ ಮನೆಮಂದಿಯ ಬಾಯಲ್ಲಿ ಮುದ್ದಿನ ಹೆಸರಾಗಿಬಿಟ್ಟಿತು. ಅದಕ್ಕೂ ಸೀಲಕ್ಕನಿಗೆ ಹೊಟ್ಟೆ ಉರಿಯಿತು.

ಅವಳನ್ನು ಕಾರ್ಖಾನೆಗೆ ಸೇರಿಸಿದ್ದೂ ಸೀಲಕ್ಕನೇ. ಅತ್ತೆ ಹೇಳಿದ್ದಕ್ಕೆ ಎಂದು ಎಲ್ಲರೆದುರು ಹೇಳಿಕೊಂಡಳು. ನಿಜವಾದ ಲೆಕ್ಕಾಚಾರ ಬೇರೆಯಿತ್ತು: ಮನೆಯಲ್ಲಿ ಮೆರೆಯುವವಳು ಒಮ್ಮೆ ಅಲ್ಲಿಗೆ ಬಂದು ನೋಡಲಿ, ನಾನು ಯಾರು ಅಂತ ಗೊತ್ತಾಗಲಿ. ಮೊದಮೊದಲು ಅವಳೆಣಿಸಿದಂತೆಯೇ ಆಯಿತು. ಡಿಪ್ಲೊಮಾ ಕೈಯಲ್ಲಿ ಒಂದು ಪೌಚೂ ನೆಟ್ಟಗೆ ಬರಲಿಲ್ಲ. ಒಂದು ಸುಕ್ಕುಗಟ್ಟಿತು, ಇನ್ನೊಂದು ಕರಗಿ ತೂತಾಯಿತು, ಮೂರನೆಯದು ಅವಳ ಮಡಿಲಿಗೇ ಸುರಿಯಿತು. ಬೆರಳಿಗೆ ಬೊಬ್ಬೆ ಬಂತು.

“ಕಲಿತೀಯ ಬಿಡು” ಎಂದು ಸೀಲಕ್ಕ ತುಂಬಾ ಅಕ್ಕರೆಯಿಂದ ಹೇಳಿದಳು. “ಐದಾರು ವರ್ಷ ಹಿಡಿಯುತ್ತೆ ಅಷ್ಟೆ.”

ಆ ತಿಂಗಳು ಅವಳು ಮನೆಯಲ್ಲಿ ಹಾಡು ಗುನುಗುತ್ತಾ ಕೆಲಸ ಮಾಡಿದ್ದನ್ನು ಗಂಡ ಗಮನಿಸಿದ.

ಅಷ್ಟರಲ್ಲಿ ಯಜಮಾನರು ಎಲ್ಲಿಂದಲೋ ಒಂದು ಹಳೆಯ ತುಂಬುವ ಯಂತ್ರ ತಂದು ಕೂರಿಸಿದರು. ಆಳೆತ್ತರದ್ದು. ಮೇಲಿರುವ ಸುರುಳಿಯಿಂದ ಪ್ಲಾಸ್ಟಿಕ್ ಹಾಳೆ ಇಳಿದು ಒಂದು ಕೊಳವೆಯ ಸುತ್ತ ತೋಳಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಅದರ ಎರಡಂಚು ಒಂದರ ಮೇಲೊಂದು ಕೂತು ಬೆನ್ನಿನುದ್ದಕ್ಕೂ ಬೆಸುಗೆಯಾಗುತ್ತಿತ್ತು. ಕೆಳಗೆ ಎರಡು ಬಿಸಿ ದವಡೆ ಕಚ್ಚಿ ತಳ ಮುಚ್ಚಿದರೆ, ಮೇಲಿನಿಂದ ದ್ರವ ಬೀಳುತ್ತಿತ್ತು, ದವಡೆ ಮತ್ತೆ ಕಚ್ಚಿ ಬಾಯಿ ಮುಚ್ಚುತ್ತಿತ್ತು, ನಡುವೆ ಚಾಕು ಕತ್ತರಿಸುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಪೌಚು. ಆದರೆ ಐದಕ್ಕೊಂದು ಸೋರುತ್ತಿತ್ತು. ದವಡೆಗೆ ಸಾಬೂನನ್ನು ಸವರಿ ತೆಗೆಯುವ ಬುದ್ಧಿ ಎಲ್ಲಿಂದ ಬರಬೇಕು? ನೆಲವೆಲ್ಲ ನೊರೆ. ಮೇಸ್ತ್ರಿ ಎರಡು ಸಲ ಜಾರಿ ಬಿದ್ದ. ಸೀಲಕ್ಕ ತನ್ನ ಮೇಜಿನಲ್ಲಿ ಕೂತು, ಯಂತ್ರದ ಕಡೆ ನೋಡಿ, ಪಕ್ಕದವಳಿಗೆ ಕಣ್ಣು ಹೊಡೆದಳು.

ಯಜಮಾನರು ಅದನ್ನು ಗುಜರಿಗೆ ಹಾಕುವ ಮಾತಾಡಿದಾಗ ಡಿಪ್ಲೊಮಾ, “ಒಂದು ತಿಂಗಳು ನನಗೆ ಬಿಡಿ” ಎಂದು ಕೇಳಿಕೊಂಡಳು. ಕೇಳಿದ ಮಾರನೆಯ ದಿನವೇ ಒಂದು ನೋಟುಪುಸ್ತಕ, ಅಳತೆಪಟ್ಟಿ ಹಿಡಿದು ಬಂದು ಸೀಲಕ್ಕನ ಮಗ್ಗುಲಲ್ಲಿ ಮಣೆ ಹಾಕಿಕೊಂಡು ಕೂತಳು. ಎಂಟು ದಿನ ಕೂತಳು.

“ಅಕ್ಕ, ಇನ್ನೊಂದ್ಸಲ ನಿಧಾನವಾಗಿ ಮಾಡಿ.”

“ಅಕ್ಕ, ಬೆರಳು ಯಾಕೆ ಓರೆ ಇಡ್ತೀರಾ?”

“ನೆಟ್ಟಗಿಟ್ಟರೆ ನೊರೆ ಮೂಲೇಲಿ ಸಿಕ್ಕೊಳುತ್ತೆ. ಓರೆಯಾದ್ರೆ ಜಾರಿ ಹೋಗುತ್ತೆ. ಇದೆಲ್ಲ ಪುಸ್ತಕದಲ್ಲಿ ಬರೆದಿರಲ್ವೇನೋ ಪಾಪ” ಎಂದು ಸೀಲಕ್ಕ ಉಬ್ಬಿಹೋಗಿ ಎಲ್ಲವನ್ನೂ ಹೇಳಿದಳು. ಡಿಪ್ಲೊಮಾ ಫೋನಿನಲ್ಲಿ ಅವಳ ಕೈಯ ಚಿತ್ರ ತೆಗೆದಾಗ ಉಂಗುರ ತಿರುಗಿಸಿ ಸರಿಮಾಡಿಕೊಂಡಳು ಕೂಡ.

ತಿಂಗಳು ಮುಗಿಯುವ ಹೊತ್ತಿಗೆ ದವಡೆಗಳ ಮೇಲೆ ಎರಡು ಹೊಸ ರಬ್ಬರ್ ಪಟ್ಟಿಗಳು ಬಂದವು. ಬಿಸಿ ದವಡೆ ಕಚ್ಚುವ ಮುಂಚೆ ಅವು ಎರಡೂ ಕಡೆಯಿಂದ ಬಂದು ಹಾಳೆಯನ್ನು ಅಮುಕಿ, ಓರೆಯಾಗಿ ಕೆಳಕ್ಕೆ ಸವರಿ, ಪಕ್ಕಕ್ಕೆ ಸರಿಯುತ್ತಿದ್ದವು. ಆಮೇಲೆ ದವಡೆ. ನಲವತ್ತು ಪೌಚು ತುಂಬಿಸಿ ಹಲಗೆಯ ಕೆಳಗೆ ಹಾಸಿದರು. ಹಲಗೆಯ ಮೇಲೆ ಮೇಸ್ತ್ರಿ ಹತ್ತಿ ನಿಂತ. ಮೇಸ್ತ್ರಿಯ ತೂಕ ಊರಿಗೇ ಗೊತ್ತಿತ್ತು. ಒಂದೂ ಸೋರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸೀಲಕ್ಕ ತಟ್ಟಲಿಲ್ಲ. ಅವಳ ಕಣ್ಣು ಆ ರಬ್ಬರ್ ಪಟ್ಟಿಗಳಲ್ಲಿ ನಟ್ಟುಹೋಗಿತ್ತು. ಅದೇ ಓರೆ. ಅದೇ ಸವರು. ತನ್ನ ಎರಡು ಬೆರಳನ್ನು ಯಾರೋ ಕಿತ್ತು ಅಲ್ಲಿ ತಿರುಪು ಹಾಕಿ ಕೂರಿಸಿದ ಹಾಗಿತ್ತು.

ಯಜಮಾನರು ಪೇಟೆಂಟಿಗೆ ಅರ್ಜಿ ಹಾಕಿಸಿದರು. ಹೊಸ ಸಾಧನ ಕಂಡುಹಿಡಿದವರು ಎಂಬ ಕಡೆ ಡಿಪ್ಲೊಮಾ ಹೆಸರು, ಕೆಳಗೆ ಯಜಮಾನರ ಹೆಸರು. ಅದರ ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದರು. ಸೀಲಕ್ಕನ ಬಿಸಿ ಪಟ್ಟಿಯ ವೈರು ಸುತ್ತಿ ಮೂಲೆಗಿಟ್ಟರು. ಅವಳಿಗೆ ತುಂಬಿದ ಪೌಚುಗಳನ್ನು ರಟ್ಟಿನ ಡಬ್ಬಕ್ಕೆ ಜೋಡಿಸುವ ಕೆಲಸ. ಹೊರಗಿನವರು ಬಂದರೆ ಯಜಮಾನರು ಅವಳ ಬೆನ್ನ ಹಿಂದೆಯೇ ಹಾದು ಯಂತ್ರದ ಹತ್ತಿರ ಹೋಗುತ್ತಿದ್ದರು.

ಮನೆಯಲ್ಲಂತೂ ಕೇಳುವುದೇ ಬೇಡ. ಅತ್ತೆ ಫೋನಿನಲ್ಲಿ ಆ ಚೌಕಟ್ಟಿನ ಚಿತ್ರ ಇಟ್ಟುಕೊಂಡು, ಹಾಲಿನವನಿಗೂ ತೋರಿಸಿದರು. ಬೆಳಗಿನ ಮೊದಲ ಲೋಟ ಚಹಾ ಈಗ ಡಿಪ್ಲೊಮಾಗೆ ಹೋಗುತ್ತಿತ್ತು. ಸಾಲದ್ದಕ್ಕೆ ಗಂಡ ಒಂದು ದಿನ ಊಟದ ಮಧ್ಯೆ, “ತಲೆ ಅಂದ್ರೆ ತಲೆ ಕಣೇ ಅವಳದ್ದು” ಎಂದುಬಿಟ್ಟ. ಸೀಲಕ್ಕ ಅವನ ತಟ್ಟೆಗೆ ಮತ್ತೆ ಅನ್ನ ಬಡಿಸಲಿಲ್ಲ. ಅವನೂ ಪಾಪ, ಕಾರಣ ತಿಳಿಯದೆ ಕೈ ತೊಳೆದ.

ಅವಳೊಳಗೆ ಆಗ ಕೂತದ್ದು ಒಂದು ಉರಿಗೆಂಡ. ಡಿಪ್ಲೊಮಾ ನಕ್ಕರೆ ಉರಿ, ನಗದಿದ್ದರೆ ಜಂಬ ಅಂತ ಉರಿ. ಅವಳು ಪಾತ್ರೆ ತೊಳೆಯಲು ಬಂದರೆ ದೊಡ್ಡತನ ತೋರಿಸಿಕೊಳ್ಳುತ್ತಾಳೆ ಅನಿಸುತ್ತಿತ್ತು, ಬರದಿದ್ದರೆ ತಲೆ ತಿರುಗಿದೆ ಅನಿಸುತ್ತಿತ್ತು. ಕಾರ್ಖಾನೆಯಲ್ಲಿ ಡಬ್ಬಕ್ಕೆ ಹಾಕುವ ಪ್ರತಿ ಪೌಚನ್ನೂ ಬೇಕೆಂದೇ ಹಿಚುಕಿ ನೋಡುತ್ತಿದ್ದಳು. ಒಂದಾದರೂ ಸೋರಬಾರದೇ? ಎರಡನ್ನು ಮನೆಗೆ ತಂದು, ಯಾರಿಗೂ ಹೇಳದೆ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ನಾಲ್ಕು ದಿನ ಮಲಗಿದಳು. ಸೊಂಟ ಹಿಡಿದುಕೊಂಡಿತು. ಐದನೆಯ ಬೆಳಿಗ್ಗೆ ಹಾಸಿಗೆ ಎತ್ತಿ ನೋಡಿದರೆ ಪೌಚುಗಳು ಒಂದು ಹನಿಯೂ ಸೋರದೆ ಒಣಗಿದ ಕಲ್ಲಿನ ಹಾಗಿದ್ದವು.

“ಏನಿದು?” ಗಂಡ ಕೇಳಿದ.

“ಸಾಬೂನು.”

“ಹಾಸಿಗೆ ತೊಳೆಯಕ್ಕಾ?”

ಅವಳು ಎರಡನ್ನೂ ಸ್ನಾನದ ಮನೆಗೆ ಎಸೆದಳು.

ಆರು ತಿಂಗಳು ಹೀಗೇ ಹೋಯಿತು. ಆಮೇಲೆ ಹಾಳೆಯ ಹೊಸ ಸುರುಳಿಗಳು ಬಂದವು. ಹಿಂದಿನದಕ್ಕಿಂತ ತುಸು ದಪ್ಪ. ದೂರದ ಊರುಗಳಿಗೆ ಕಳಿಸಲು ಗಟ್ಟಿ ಇರಲಿ ಅಂತ ಯಜಮಾನರೇ ತರಿಸಿದ್ದು. ಎರಡು ವಾರ ಕಳೆಯುವುದರೊಳಗೆ ಅಂಗಡಿಗಳಿಂದ ಡಬ್ಬಗಳು ವಾಪಸ್ ಬರತೊಡಗಿದವು. ತಳವೆಲ್ಲ ನೆನೆದು ಅಂಟಂಟು. ಡಿಪ್ಲೊಮಾ ಶಾಖ ನೋಡಿದಳು, ಒತ್ತಡ ನೋಡಿದಳು, ರಬ್ಬರ್ ಪಟ್ಟಿ ಬದಲಾಯಿಸಿದಳು. ಸೋರುವುದು ನಿಲ್ಲಲಿಲ್ಲ.

ಸೀಲಕ್ಕ ವಾಪಸ್ ಬಂದ ಒಂದು ಪೌಚನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಸೋರಿದ್ದು ಬಾಯಿಯ ನಟ್ಟನಡುವೆ, ಬೆನ್ನಿನ ಬೆಸುಗೆ ಬಂದು ಸೇರುವ ಜಾಗದಲ್ಲಿ. ಇನ್ನೊಂದು ನೋಡಿದಳು. ಅಲ್ಲೇ. ಅವಳಿಗೆ ಆ ಕ್ಷಣವೇ ಎಲ್ಲಾ ಗೊತ್ತಾಯಿತು. ಬೇರೆಲ್ಲ ಕಡೆ ಹಾಳೆ ಎರಡು ಪದರ, ಅಲ್ಲಿ ಮಾತ್ರ ಮೂರು. ಹಿಂದೆ ಕೈಯಲ್ಲಿ ಮುಚ್ಚುತ್ತಿದ್ದ ಪೌಚಿಗೂ ಅಂಥದೇ ಬೆನ್ನಿನ ಬೆಸುಗೆಯಿತ್ತು. ಅವಳ ಕೈ ಆ ಜಾಗಕ್ಕೆ ಬಂದಾಗ ಹೆಬ್ಬೆರಳು ತನ್ನಷ್ಟಕ್ಕೆ ಒಂದು ಗಳಿಗೆ ನಿಂತು, ಹಿಂದಿನಿಂದ ಒತ್ತಿ ಮುಂದೆ ಹೋಗುತ್ತಿತ್ತು. ಡಿಪ್ಲೊಮಾ ತೆಗೆದ ಚಿತ್ರದಲ್ಲಿ ಹೆಬ್ಬೆರಳು ಪೌಚಿನ ಹಿಂದೆ ಮರೆಯಾಗಿತ್ತು. ಬರೆದುಕೊಂಡಿದ್ದು ಎರಡು ಬೆರಳು, ಬಿಟ್ಟುಹೋಗಿದ್ದು ಮೂರನೆಯದು.

ಸೀಲಕ್ಕ ಪೌಚು ಕೆಳಗಿಟ್ಟಳು. ನಕ್ಕಳು. ಬಾಯಿಗೆ ಬೀಗ ಹಾಕಿಕೊಂಡಳು.

ಒಂಬತ್ತು ದಿನ ಆ ಬೀಗ ತೆಗೆಯಲಿಲ್ಲ. ಆ ಒಂಬತ್ತು ದಿನ ಅವಳಿಗೆ ಅನ್ನ ರುಚಿಸಿತು. ಯಜಮಾನರು ಎಲ್ಲರ ಮುಂದೆ ಡಿಪ್ಲೊಮಾ ಮೇಲೆ ಕೂಗಾಡಿದ್ದನ್ನು ಅವಳು ಡಬ್ಬ ಜೋಡಿಸುತ್ತಾ ಅಕ್ಷರ ಬಿಡದಂತೆ ಕೇಳಿಸಿಕೊಂಡಳು. ಅತ್ತೆ ಹಾಲಿನವನಿಗೆ ಚಿತ್ರ ತೋರಿಸುವುದು ನಿಂತಿತು. ಮೊದಲ ಲೋಟ ಚಹಾ ಮತ್ತೆ ಅವಳ ಕೈಗೆ ಬಂತು. ಡಿಪ್ಲೊಮಾ ಮುಖ ಬಾಡಿ, ಕಣ್ಣ ಕೆಳಗೆ ಕಪ್ಪಾಯಿತು. ಕೊನೆಗೆ ಯಜಮಾನರು ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸುವುದಾಗಿ ಹೇಳಿದರು. ಸೋಮವಾರ ಬರುತ್ತಾರೆ.

ಭಾನುವಾರ ಮಧ್ಯಾಹ್ನ ಗಂಡಸರು ಹೊರಗೆ ಹೋಗಿದ್ದರು, ಅತ್ತೆ ಮಲಗಿದ್ದರು. ಡಿಪ್ಲೊಮಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ಅಕ್ಕ, ನಿಮಗೆ ಗೊತ್ತು ಅಲ್ವಾ?”

ಸೀಲಕ್ಕ ಹೆಚ್ಚುತ್ತಿದ್ದ ತರಕಾರಿಯಿಂದ ಕಣ್ಣೆತ್ತಲಿಲ್ಲ. “ಏನು?”

“ಯಾಕೆ ಸೋರುತ್ತೆ ಅಂತ. ಅವತ್ತು ನೀವು ಆ ಪೌಚು ಹಿಡಿದು ನೋಡಿ ನಕ್ಕಿದ್ದನ್ನ ನಾನು ನೋಡ್ದೆ.”

“ಗೊತ್ತು.”

“ಮತ್ತೆ?”

“ಹೇಳಲ್ಲ.”

ಡಿಪ್ಲೊಮಾ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಸೀಲಕ್ಕನ ಕೈಯ ಚಾಕು ಜೋರಾಯಿತು.

“ಎಂಟು ದಿನ ಪಕ್ಕದಲ್ಲಿ ಕೂತು ನನ್ನ ಬೆರಳು ಬರ್ಕೊಂಡು ಹೋದೆ. ಕಾಗದದಲ್ಲಿ ನಿನ್ನ ಹೆಸರು ಬಂತು, ಯಜಮಾನರ ಹೆಸರು ಬಂತು. ಆ ಮನುಷ್ಯ ಜೀವಮಾನದಲ್ಲಿ ಒಂದು ಪೌಚಾದ್ರೂ ಮುಚ್ಚಿದಾರಾ? ಆ ಬೆರಳು ಯಾರದ್ದು ಅಂತ ಒಬ್ಬರಾದ್ರೂ ಕೇಳಿದ್ರಾ?”

“ನಾನು ಹೇಳಿದ್ದೆ ಅಕ್ಕ. ಅರ್ಜಿ ಬರೆಯೋವಾಗ ಹೇಳಿದೆ. ಕೈ ಅಭ್ಯಾಸಕ್ಕೆಲ್ಲ ಯಾರು ಪೇಟೆಂಟ್ ಕೊಡ್ತಾರೆ ಅಂತ ಯಜಮಾನರು ನಕ್ಕುಬಿಟ್ರು.”

“ಒಂದು ಸಲ ಹೇಳಿದೆ. ಎರಡನೇ ಸಲ?”

ಡಿಪ್ಲೊಮಾ ನಲ್ಲಿಯ ಕಡೆ ನೋಡಿದಳು. ಆಮೇಲೆ, “ಹೇಳಲಿಲ್ಲ” ಎಂದಳು. “ಸುಳ್ಳು ಯಾಕೆ ಹೇಳ್ಲಿ. ಅವರು ನಕ್ಕಿದ್ದು ಒಳ್ಳೇದೇ ಆಯ್ತು ಅಂತ ಒಳಗೊಳಗೇ ಅನ್ನಿಸ್ತು. ನಾನು ಆ ಮೇಜಿನಲ್ಲಿ ಬೆರಳು ಸುಟ್ಕೊಂಡಾಗ ನೀವು ನಗ್ತಿದ್ರಿ. ಎಲ್ಲಿ ಹೋದ್ರೂ ಸೀಲಕ್ಕ, ಸೀಲಕ್ಕ. ನಿಮ್ಮ ಹೆಸರು ಕೇಳಿದ್ರೇ ಮೈ ಪರಚಿಕೊಳ್ಳೋ ಹಾಗಾಗ್ತಿತ್ತು. ಒಂದಾದ್ರೂ ನನ್ನದು ಅಂತ ಇರಲಿ ಅಂದ್ಕೊಂಡೆ.”

ಸೀಲಕ್ಕ ಚಾಕು ಕೆಳಗಿಟ್ಟಳು. ತನ್ನ ಮೇಲೂ ಯಾರಿಗಾದರೂ ಹೊಟ್ಟೆಕಿಚ್ಚಿರಬಹುದು ಎಂದು ಅವಳಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಕೇಳಿ ಅವಳಿಗೆ ಬೇಸರವಾಗಬೇಕಿತ್ತು. ನಿಜ ಹೇಳಬೇಕೆಂದರೆ ಹಿತವಾಯಿತು. ಬೇಸಿಗೆಯಲ್ಲಿ ತಣ್ಣೀರು ಕುಡಿದಷ್ಟು ಹಿತ.

“ಮೈ ಪರಚಿಕೊಳ್ಳೋ ಹಾಗಾ?” ಎಂದು ಇನ್ನೊಮ್ಮೆ ಕೇಳಿದಳು.

“ಹೂಂ.”

“ಸರಿ. ಇಲ್ಲಿ ಹೇಳಲ್ಲ. ನಾಳೆ ಹೇಳ್ತೀನಿ, ಎಲ್ಲರ ಮುಂದೆ. ಬಂದವರ ಮುಂದೆ, ಯಜಮಾನರ ಮುಂದೆ. ನೀನು ಮಧ್ಯೆ ಬಾಯಿ ಹಾಕ್ಬಾರ್ದು.”

ಸೋಮವಾರ ತಜ್ಞರು ಬಂದರು. ಬೂಟಿಗೆ ನೊರೆ ತಾಗದ ಹಾಗೆ ಕಾಲೆತ್ತಿ ಕಾಲೆತ್ತಿ ಇಡುತ್ತಾ ಯಂತ್ರದ ಸುತ್ತ ಬಂದು, ದವಡೆಯ ಶಾಖ ಏರಿಸಲು ಹೇಳಿದರು. ಏರಿಸಿದರು. ಹಾಳೆ ಸುಕ್ಕುಗಟ್ಟಿ ಸುಟ್ಟ ವಾಸನೆ ಬಂತು. ನಡುವೆ ಸೋರುವುದು ಸೋರುತ್ತಲೇ ಇತ್ತು. ಇನ್ನೂ ಏರಿಸಿ ಎಂದಾಗ ಸೀಲಕ್ಕ ಡಬ್ಬ ಬಿಟ್ಟು ಎದ್ದು ಬಂದಳು.

“ಶಾಖ ಏರಿಸಿದ್ರೆ ಆಗಲ್ಲ.”

“ಸೀಲಕ್ಕ, ಇದು ನಿನ್ನ ಕೆಲಸ ಅಲ್ಲ” ಎಂದರು ಯಜಮಾನರು.

“ಹತ್ತೊಂಬತ್ತು ವರ್ಷ ಯಾರ ಕೆಲಸ ಆಗಿತ್ತು?”

ಅವಳು ಒಂದು ಸೋರುವ ಪೌಚು ತೆಗೆದು ತಜ್ಞರ ಮೂಗಿನ ಹತ್ತಿರ ಹಿಡಿದಳು. “ಇಲ್ನೋಡಿ. ಇಲ್ಲಿ ಮೂರು ಪದರ, ಅಕ್ಕಪಕ್ಕ ಎರಡು. ಕಬ್ಬಿಣದ ದವಡೆ ದಪ್ಪ ಜಾಗದ ಮೇಲೆ ಕೂತುಬಿಡುತ್ತೆ. ಪಕ್ಕದಲ್ಲಿ ಕೂದಲಷ್ಟು ಸಂದಿ ಹಾಗೇ ಉಳಿಯುತ್ತೆ. ಹಳೇ ಹಾಳೆ ತೆಳ್ಳಗಿತ್ತು, ಹೇಗೋ ನಡೀತು. ಇದು ದಪ್ಪ. ಇಲ್ಲಿ ಗಟ್ಟಿ ಹಲ್ಲು ಬೇಡ, ಮೆತ್ತಗಿರೋದು ಬೇಕು. ನಾನು ಹೆಬ್ಬೆರಳಲ್ಲಿ ಒತ್ತಿ ಹಿಡೀತಿದ್ದೆ.”

ತಜ್ಞರು ಪೌಚನ್ನು ಬೆಳಕಿಗೆ ಹಿಡಿದರು. ತುಂಬಾ ಹೊತ್ತು ಹಿಡಿದರು. “ಈಕೆ ಹೇಳೋದು ಸರಿ” ಎಂದರು.

ಬಿಸಿ ತಡೆಯುವ ರಬ್ಬರಿನ ತುಂಡು ಬಂತು. ಎಷ್ಟು ದೊಡ್ಡದು ಕತ್ತರಿಸಬೇಕು ಎಂಬ ಪ್ರಶ್ನೆ ಎದ್ದಾಗ ಡಿಪ್ಲೊಮಾ ಸೀಲಕ್ಕನ ಕೈ ಹಿಡಿದು, ಹೆಬ್ಬೆರಳನ್ನು ರಬ್ಬರಿನ ಮೇಲೆ ಒತ್ತಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಳು. ಅಷ್ಟಗಲದ್ದನ್ನೇ ಕತ್ತರಿಸಿ ಒಂದು ದವಡೆಯ ನಡುವೆ ಗುಳಿ ಕೊರೆದು ಕೂರಿಸಿದರು. ಕಚ್ಚುವ ಹೊತ್ತನ್ನು ತುಸು ಹೆಚ್ಚಿಸಿದರು. ಎಷ್ಟು ಎಂದರೆ, ಸೀಲಕ್ಕ ಪಕ್ಕದಲ್ಲಿ ನಿಂತು ಒಂದು ಉಸಿರು ಬಿಟ್ಟು ತೋರಿಸಿದಳು, ಅಷ್ಟು. ನೂರು ಪೌಚು ತುಂಬಿಸಿ, ಕಾಗದದ ಮೇಲೆ ಹಾಸಿ ಹಲಗೆ ಹಾಕಿದರು. ಈ ಸಲ ಮೇಸ್ತ್ರಿಯ ಜೊತೆ ಯಜಮಾನರೂ ಹತ್ತಿ ನಿಂತರು. ಕೆಳಗಿನ ಕಾಗದ ಒಣಗಿದ್ದೇ ಇತ್ತು.

ಎರಡನೆಯ ಅರ್ಜಿಯಲ್ಲಿ ಇಬ್ಬರ ಹೆಸರೂ ಬಂತು. ಡಿಪ್ಲೊಮಾ ಈ ಸಲ ಎರಡು ಸಲ ಹೇಳಿದಳೋ ಹತ್ತು ಸಲ ಹೇಳಿದಳೋ, ಯಜಮಾನರು ತಮ್ಮ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು. ಕಾಗದ ಬಂದ ದಿನ ಸೀಲಕ್ಕ ಅದನ್ನು ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಯಾರ ಹೆಸರು ಮೇಲಿದೆ ಎಂದು.

“ನಿನ್ನದು ಮೇಲಿದೆಯಲ್ಲ?”

“ಅಕ್ಷರದ ಸಾಲಿನ ಪ್ರಕಾರ ಹಾಕ್ತಾರೆ ಅಕ್ಕ. ನನ್ನ ಹೆಸರು ಮೊದಲು ಬರುತ್ತೆ.”

ಸೀಲಕ್ಕ ಬೆರಳು ಮಡಿಸಿ ವರ್ಣಮಾಲೆಯನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ನೋಡಿದಳು. ನಿಜವೇ. ತನಗೆ ಹೆಸರಿಟ್ಟ ಸೋದರತ್ತೆಯ ಮೇಲೆ ಆ ಸಂಜೆಯೆಲ್ಲ ಸಿಟ್ಟು ಮಾಡಿಕೊಂಡಳು.

ಅವಳು ಮತ್ತೆ ಬಿಸಿ ಪಟ್ಟಿಯ ಮುಂದೆ ಕೂರಲಿಲ್ಲ. ಯಂತ್ರದ ಪರೀಕ್ಷೆ ಅವಳ ಪಾಲಿಗೆ ಬಂತು. ವರ್ಷಗಳು ಕಳೆದು ಒಂದು ಯಂತ್ರ ಮೂರಾಯಿತು. ಯಾವುದರ ಪೌಚಾದರೂ ಅವಳು ಹಿಚುಕಿ ಒಪ್ಪಿದ ಮೇಲೆಯೇ ಡಬ್ಬಕ್ಕೆ. ಅಪರೂಪಕ್ಕೊಂದು ಸೋರಿದರೆ ಅವಳ ಮುಖದಲ್ಲಿ ಒಂದು ಕಳೆ ಬರುತ್ತಿತ್ತು, ಹೊಸಬರಿಗೆ ಅದರ ಅರ್ಥವಾಗುತ್ತಿರಲಿಲ್ಲ.

ಡಿಪ್ಲೊಮಾ ಯಂತ್ರಗಳನ್ನೇ ತಯಾರಿಸುವ ದೊಡ್ಡ ಕಂಪನಿಗೆ ಸೇರಿದಳು. ಮೈದುನ ಊರಿನ ಆ ತುದಿಯಲ್ಲಿ ಬೇರೆ ಮನೆ ಮಾಡಿದ. ಹೊರಡುವ ದಿನ ಓರಗಿತ್ತಿಯರಿಬ್ಬರೂ ಅಡುಗೆಮನೆಯ ಪಾತ್ರೆ ಹಂಚಿಕೊಳ್ಳುವಾಗ, ನೀನು ತಗೋ, ನೀವು ತಗೊಳ್ಳಿ ಎಂದು ಒಂದು ದೊಡ್ಡ ಕೊಳಗಕ್ಕಾಗಿ ಕಣ್ಣೀರು ಹಾಕಿದರು. ಕೊನೆಗೆ ಅದನ್ನು ಸೀಲಕ್ಕನೇ ಇಟ್ಟುಕೊಂಡಳು.

ತಿಂಗಳು ಬಿಟ್ಟು ಅವಳು ಗಂಡನ ಜೊತೆ ಆ ಮನೆ ನೋಡಲು ಹೋದಳು. ಎಲ್ಲವನ್ನೂ ಹೊಗಳಿದಳು, ಹೊಟ್ಟೆ ತುಂಬ ಉಂಡಳು, ಡಿಪ್ಲೊಮಾ ಕೆನ್ನೆ ಹಿಂಡಿ ಬಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಧ ದಾರಿ ಹೊರಗೇ ನೋಡುತ್ತಾ ಕೂತಳು.

“ಏನಾಯ್ತು?” ಗಂಡ ಕೇಳಿದ.

“ಅವಳ ಅಡುಗೆಮನೆ ಕಿಟಕಿಗೆ ಬೆಳಗಿನ ಬಿಸಿಲು ಬರುತ್ತೆ. ನೋಡಿದ್ರಾ?”

“ನೋಡ್ದೆ.”

“ನಮ್ಮದು ಯಾವ ಕಡೆಗಿದೆ?”

“ಇಪ್ಪತ್ತೈದು ವರ್ಷ ಅಲ್ಲೇ ಅಡುಗೆ ಮಾಡಿದೀಯ. ಈಗ ಕೇಳ್ತೀಯಾ?”

“ಗೋಡೆ ಒಡೆದು ಆ ಪಕ್ಕಕ್ಕೊಂದು ಕಿಟಕಿ ಇಡಕ್ಕಾಗಲ್ವಾ?” ಎಂದಳು ಸೀಲಕ್ಕ.